ಹದಿಹರೆಯದ ಕಾದಂಬರಿಗಳಲ್ಲಿ ಮನೆಯ ಹಿಂಸೆ

ಮನೆಯವರಿಂದಲೇ ಹೊಡೆತ, ಬೈಗುಳ, ತಾತ್ಸಾರ ಉಂಡು ಬೆಳೆಯುವ ಹುಡುಗ ಹುಡುಗಿಯರ ಕಥೆಯನ್ನು ಅದೇ ವಯಸ್ಸಿನ ಓದುಗರಿಗೆ ಹೇಳುವ ಕಾದಂಬರಿಗಳು ಒಂದು ಧಾರೆಯಾಗಿ ಬೆಳೆದದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ. ಮಕ್ಕಳ ಕಷ್ಟವನ್ನು ಡಿಕನ್ಸ್ ನೂರು ವರ್ಷಕ್ಕೂ ಹಿಂದೆ ಬರೆದಿದ್ದರು ನಿಜ, ಆದರೆ ಮುಖ್ಯವಾಗಿ ದೊಡ್ಡವರ ಓದಿಗೆ.

ಮನೆಯೊಳಗಿನ ಹೊಡೆತದ ಬಗ್ಗೆ ಸಮಾಜ ಬಾಯಿ ಬಿಟ್ಟದ್ದೂ ಆಗಲೇ. ವೈದ್ಯ ಹೆನ್ರಿ ಕೆಂಪ್ ಮತ್ತು ಸಹೋದ್ಯೋಗಿಗಳು 1962ರಲ್ಲಿ ಪ್ರಕಟಿಸಿದ ಲೇಖನವೊಂದು, ಎಳೆಯ ಮಕ್ಕಳ ಮುರಿದ ಮೂಳೆಗಳ ಹಿಂದೆ ಹೆತ್ತವರ ಕೈ ಇರಬಹುದೆಂದು ವೈದ್ಯರನ್ನು ಎಚ್ಚರಿಸಿತು. 1967ರ ವೇಳೆಗೆ, ಇಂಥ ಪ್ರಕರಣಗಳನ್ನು ವರದಿ ಮಾಡಬೇಕೆಂಬ ಕಾನೂನು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಬಂದಿತ್ತು.

ಅದೇ 1967ರಲ್ಲಿ ‘ದಿ ಔಟ್‌ಸೈಡರ್ಸ್’ ಹೊರಬಂತು. ಒಕ್ಲಹೋಮಾದ ಟಲ್ಸಾ ನಗರದ ಹಿಂಟನ್ ಅದನ್ನು ಬರೆಯತೊಡಗಿದಾಗ 15ರ ಹುಡುಗಿ. ಹುಡುಗರ ಬೀದಿ ಜಗಳವನ್ನು ಹೆಣ್ಣೊಬ್ಬಳು ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ‘ಎಸ್.ಇ.’ ಎಂಬ ಇನಿಷಿಯಲ್‌ಗಳನ್ನಷ್ಟೇ ಅಚ್ಚು ಹಾಕಿಸಿದರು. ಕಾದಂಬರಿಯ ಜಾನಿಗೆ 16 ವರ್ಷ. ಅಪ್ಪ ಬಡಿಯುತ್ತಾನೆ, ಅಮ್ಮ ಬೈಯುವುದಕ್ಕಲ್ಲದೆ ಅವನತ್ತ ತಿರುಗುವುದಿಲ್ಲ. ಎಷ್ಟೋ ರಾತ್ರಿ ಅವನು ಮನೆ ಬಿಟ್ಟು ಖಾಲಿ ಸೈಟಿನಲ್ಲಿ ಮಲಗುತ್ತಾನೆ. ಕಥೆ ಹೇಳುವವನು ಅವನ ಗೆಳೆಯ, 14ರ ಪೋನಿಬಾಯ್. ಅಪ್ಪ ಅಮ್ಮನನ್ನು ಅಪಘಾತದಲ್ಲಿ ಕಳೆದುಕೊಂಡ ಅವನನ್ನು 20ರ ಅಣ್ಣ ದುಡಿದು ಸಾಕುತ್ತಿದ್ದಾನೆ. ಉಪದೇಶ ಹೇಳುವ ಹಿರಿಯರ ದನಿ ಇಲ್ಲಿಲ್ಲ. ಈ ಪುಸ್ತಕದ ನಿಜವಾದ ಬಲ ಇದೇ.

ಬಾಗಿಲು ತೆರೆದ ಮೇಲೆ ಬೇರೆಯವರೂ ಬಂದರು. ಜಾನ್ ಡೊನೊವನ್ 1969ರಲ್ಲಿ ಕುಡುಕಿ ತಾಯಿಯೊಡನೆ ಏಗುವ ಹುಡುಗನನ್ನು ಚಿತ್ರಿಸಿದರು. ಸಿಂಥಿಯಾ ವಾಯ್ಟ್ ಅವರ ‘ಹೋಮ್‌ಕಮಿಂಗ್’ನಲ್ಲಿ (1981) ತಾಯಿ ನಾಲ್ಕು ಮಕ್ಕಳನ್ನು ಅಂಗಡಿ ಸಂಕೀರ್ಣದ ಹೊರಗೆ ಕಾರಿನಲ್ಲೇ ಬಿಟ್ಟು ಹೋಗುತ್ತಾಳೆ. ಕೈಯಲ್ಲಿದ್ದ ಚಿಲ್ಲರೆ ಎಣಿಸಿ ಊಟ ಹೊಂದಿಸುತ್ತ, ತಮ್ಮ ತಂಗಿಯರನ್ನು ನಡೆಸಿಕೊಂಡು ಹೋಗುವವಳು 13ರ ಡೈಸಿ. ಮುಂದಿನ ಭಾಗ ‘ಡೈಸೀಸ್ ಸಾಂಗ್’ 1983ರಲ್ಲಿ ನ್ಯೂಬರಿ ಪದಕ ಪಡೆಯಿತು. ಬ್ರಿಟನ್ನಿನಲ್ಲಿ ಮೆಲ್ವಿನ್ ಬರ್ಜೆಸ್ ಅವರ ‘ಜಂಕ್’ (1996) ಅಪ್ಪನ ಏಟು ತಾಳಲಾರದೆ ಓಡಿಹೋದ ಹುಡುಗ ಹೆರಾಯಿನ್‌ಗೆ ಬಲಿಯಾಗುವುದನ್ನು ಹೇಳಿ ಕಾರ್ನೆಗಿ ಪದಕ ಗಳಿಸಿತು, ವಿವಾದವನ್ನೂ ಎಬ್ಬಿಸಿತು.

ಎಳೆಯರಿಗೆ ಇಷ್ಟು ಕತ್ತಲೆ ಬೇಕೇ ಎಂಬ ಆಕ್ಷೇಪ ಇಂದಿಗೂ ನಿಂತಿಲ್ಲ. 2011ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ನ ಲೇಖನವೊಂದು ಇದನ್ನೇ ಕೇಳಿದಾಗ, ಇಂಥ ಪುಸ್ತಕಗಳೇ ತಮ್ಮ ಕೈ ಹಿಡಿದವು ಎಂದು ಸಾವಿರಾರು ಓದುಗರು ಟ್ವಿಟರ್‌ನಲ್ಲಿ ಉತ್ತರಿಸಿದರು. ಶಾಲಾ ಲೈಬ್ರರಿಯ ಕಪಾಟಿನಿಂದ ಇವನ್ನು ತೆಗೆಸಲು ಹೊರಟವರು ಮೊದಲು ಆ ಉತ್ತರಗಳನ್ನು ಓದಬೇಕು.