ಕುಮಾರಧಾರೆಯಿಂದ ಕಡಲ ಕೆಸರಿಗೆ: ತುಳುನಾಡ ಕರಾವಳಿಯ ಸೂಕ್ಷ್ಮಜೀವಿ ಅಧ್ಯಯನದ ಚರಿತ್ರೆ

ಪೀಠಿಕೆ

ಕಡಲ ನೀರಿನಲ್ಲೂ ಕಡಲತಳದ ಕೆಸರಿನಲ್ಲೂ ಬದುಕುವ ಸೂಕ್ಷ್ಮಜೀವಿಗಳ ಅಧ್ಯಯನದ ಚರಿತ್ರೆಯನ್ನು ಕಡಬ ತಾಲೂಕಿನ ರಾಮಕುಂಜದಿಂದ ಆರಂಭಿಸುವುದಕ್ಕೆ ಇಲ್ಲಿನ ಭೂಗೋಳವೇ ಕಾರಣ. ಊರಿನ ಅಡಕೆ ತೋಟಗಳ ನಡುವಿನ ತೋಡುಗಳು ಕುಮಾರಧಾರೆಯ ಜಲಾನಯನಕ್ಕೆ ಸೇರಿದವು. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿ ಬಂಟ್ವಾಳ, ತುಂಬೆಗಳನ್ನು ದಾಟಿ ಉಳ್ಳಾಲದ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಮಳೆಗಾಲದ ಆಟಿ ತಿಂಗಳ ಕೆನ್ನೀರು ಹೊತ್ತೊಯ್ಯುವ ಮುರಮಣ್ಣು, ಕೊಳೆತ ಸೋಗೆ, ತರಗೆಲೆ, ಗೊಬ್ಬರದ ಅಂಶ ಎಲ್ಲವೂ ಕಡಲಂಚಿನ ಬ್ಯಾಕ್ಟೀರಿಯಾಗಳ ಆಹಾರ.

ಈ ಲೇಖನದ ವಾದ ಇಷ್ಟು: ನಮ್ಮ ಕರಾವಳಿಯಲ್ಲಿ ಸೂಕ್ಷ್ಮಜೀವಿಗಳ ಅಧ್ಯಯನ ಎರಡು ದಿಕ್ಕಿನಿಂದ ಬೆಳೆಯಿತು. ಒಂದು ಕಡಲಿನಿಂದ, ಮೀನುಗಾರರಿಗೂ ಮೀನು ತಿನ್ನುವವರಿಗೂ ಆಪತ್ತು ಬಂದಾಗಲೆಲ್ಲ ಒಂದೊಂದು ಹೆಜ್ಜೆ ಮುಂದೆ ಹೋಯಿತು. ಇನ್ನೊಂದು ಘಟ್ಟದ ತಪ್ಪಲಿನ ತೋಡುಗಳಿಂದ ಸದ್ದಿಲ್ಲದೆ ಕೆಳಗಿಳಿಯಿತು. ಎರಡನ್ನೂ ಒಂದೇ ಹರಿವಿನ ಕಥೆಯಾಗಿ ಓದದೆ ಕಡಲ ಕೆಸರು ಅರ್ಥವಾಗುವುದಿಲ್ಲ.

ಮೀನಿನ ಸಾವಿನಿಂದ ಮೊದಲಾದ ವಿಚಾರಣೆ

ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿನ ಕಡಲ ವಿಚಾರಣೆ ಮದರಾಸು ಮೀನುಗಾರಿಕೆ ಇಲಾಖೆಯ ಪಾಲಿನದಾಗಿತ್ತು. ಅಲ್ಲಿದ್ದ ಜೇಮ್ಸ್ ಹಾರ್ನೆಲ್ ಪಶ್ಚಿಮ ಕರಾವಳಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸಾಯುವುದಕ್ಕೆ ಕಾರಣ ಹುಡುಕಿ, 1917ರಲ್ಲಿ ಅದನ್ನು ಏಕಕೋಶ ಜೀವಿಯೊಂದರ ಮೇಲೆ ಹೊರಿಸಿ ಬರೆದರು. ಕಣ್ಣಿಗೆ ಕಾಣದ ಜೀವಿ ಕಡಲಿನ ಫಸಲನ್ನೇ ಕೆಡಿಸಬಲ್ಲದು ಎಂಬ ಮಾತು ಸರಕಾರಿ ಕಡತಕ್ಕೆ ಬಂದದ್ದು ಹೀಗೆ.

1933–34ರಲ್ಲಿ ಸೀಮೋರ್ ಸೆವೆಲ್ ನೇತೃತ್ವದ ಜಾನ್ ಮರ್ರೇ ಯಾತ್ರೆ ‘ಮಬಾಹಿಸ್’ ಎಂಬ ಈಜಿಪ್ಟಿನ ಹಡಗಿನಲ್ಲಿ ಅರಬ್ಬಿ ಸಮುದ್ರವನ್ನು ಅಳೆಯಿತು. ನಡು ಆಳದಲ್ಲಿ ಆಮ್ಲಜನಕ ತೀರ ಕಡಿಮೆ ಇರುವುದನ್ನು ದಾಖಲಿಸಿತು. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯ ಫಲವಾಗಿ 1966ರಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ನಡು ಆಳದ ಆಮ್ಲಜನಕವನ್ನು ತಿಂದು ಮುಗಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲು ಮುಂದೆ ಹಲವು ದಶಕಗಳೇ ಬೇಕಾದವು.

ಬೂತಾಯಿ, ಮರುವಾಯಿ

ಮಂಗಳೂರಿನ ಮಟ್ಟಿಗೆ ಹಳೆಯ ಸ್ಪಷ್ಟ ದಾಖಲೆಗಳಲ್ಲೊಂದು 1965ರದು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಭು, ರಾಮಮೂರ್ತಿ, ಕುತ್ತಾಲಿಂಗಂ ಮತ್ತು ದುಲ್ಖೇಡ್ ಅವರು ಮಂಗಳೂರಿನ ಕಡಲಲ್ಲಿ ಟ್ರೈಕೊಡೆಸ್ಮಿಯಂ ಅಸಾಮಾನ್ಯವಾಗಿ ಹಬ್ಬಿದ್ದನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಇದು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸಬಲ್ಲ ಸಯನೋಬ್ಯಾಕ್ಟೀರಿಯಾ. ಮಳೆಗಾಲಕ್ಕೆ ಮುಂಚಿನ ಶಾಂತ ಕಡಲಲ್ಲಿ ಮರದ ಹೊಟ್ಟಿನಂತೆ ಪಟ್ಟೆಪಟ್ಟೆಯಾಗಿ ತೇಲುತ್ತದೆ. 1971ರಲ್ಲಿ ಇದೇ ಗುಂಪಿನ ಇನ್ನೊಂದು ಪ್ರಬಂಧ ಟ್ರೈಕೊಡೆಸ್ಮಿಯಂ ಹಬ್ಬುವುದಕ್ಕೂ ಬೂತಾಯಿ ಮೀನಿನ ಫಸಲು ಕೈಕೊಡುವುದಕ್ಕೂ ನಂಟು ಹಾಕಿತು. ದಡದಿಂದ ಎಳೆಯುವ ರಂಪಣಿ ಬಲೆಯ ಆ ಕಾಲದಲ್ಲಿ ಬೂತಾಯಿ ಬಾರದಿದ್ದರೆ ದಡದ ಊರುಗಳೇ ಸೊರಗುತ್ತಿದ್ದವು.

1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾದದ್ದು ಈ ಚರಿತ್ರೆಯ ದೊಡ್ಡ ತಿರುವು. ಅಲ್ಲಿಯವರೆಗೆ ಆಗೀಗ ನಡೆಯುತ್ತಿದ್ದ ಅವಲೋಕನ ಅಲ್ಲಿಂದ ಮುಂದೆ ನಿತ್ಯದ ಕೆಲಸವಾಯಿತು. ಕಾಲೇಜಿನ ಕಟ್ಟಿ, ಗುಪ್ತ ಮತ್ತು ಎಚ್.ಪಿ.ಸಿ. ಶೆಟ್ಟಿ ಅವರು ಮಂಗಳೂರಿನ ಕಡಲು ಹಸಿರಾದುದನ್ನು 1988ರಲ್ಲಿ ವರದಿ ಮಾಡಿದ್ದು ಇದಕ್ಕೆ ಒಂದು ಉದಾಹರಣೆ.

ಆದರೆ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯ ಜನರ ಗಮನಕ್ಕೆ ಬಂದದ್ದು ದುರಂತದಿಂದ. 1983ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿ ಎಂಬ ಚಿಪ್ಪುಮೀನು ತಿಂದ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ತೀರಿಕೊಂಡ. ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಇದು ಪಾರ್ಶ್ವವಾಯು ತರುವ ಚಿಪ್ಪುಮೀನಿನ ವಿಷವೆಂದು ಗುರುತಿಸಿ 1984ರಲ್ಲಿ ಪ್ರಕಟಿಸಿದರು. ಡೈನೊಫ್ಲಾಜೆಲೇಟ್ ಎಂಬ ತೇಲುಜೀವಿಗಳು ತಯಾರಿಸುವ ಈ ನಂಜು, ನೀರು ಸೋಸಿ ಉಣ್ಣುವ ಮರುವಾಯಿಯ ಮಾಂಸದಲ್ಲಿ ಶೇಖರವಾಗುತ್ತದೆ. ಮರುವಾಯಿಗೆ ಅದರಿಂದ ಸಾಮಾನ್ಯವಾಗಿ ಹೆಚ್ಚೇನೂ ಆಗದು. ಎಷ್ಟು ಬೇಯಿಸಿದರೂ ನಂಜು ಅಳಿಯದು. ಪುಂಡಿಯ ಜೊತೆಗೆ ಮರುವಾಯಿ ಸುಕ್ಕ ಉಣ್ಣುವ ನಾಡಿನಲ್ಲಿ ಈ ಅರಿವು ಬೆಲೆ ತೆತ್ತು ಬಂದದ್ದು.

ತಟ್ಟೆಯಿಂದ ಜೀನಿಗೆ

ಒಂದು ಶತಮಾನದ ಕಾಲ ಸೂಕ್ಷ್ಮಜೀವಿ ವಿಜ್ಞಾನಿಯ ಮುಖ್ಯ ಸಲಕರಣೆ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯೇ. ಕಡಲ ಬ್ಯಾಕ್ಟೀರಿಯಾಗಳಿಗೆ ಹೊಂದುವ ಆಹಾರ ಮಾಧ್ಯಮವನ್ನು ಕ್ಲಾಡ್ ಜೋಬೆಲ್ 1941ರಲ್ಲಿ ಕೊಟ್ಟರು. 1977ರಲ್ಲಿ ಹಾಬಿ ಮತ್ತು ಸಂಗಡಿಗರು ಹೊಳೆಯುವ ಬಣ್ಣ ಹಚ್ಚಿ ಜೀವಕೋಶಗಳನ್ನು ನೇರವಾಗಿ ಎಣಿಸುವ ವಿಧಾನವನ್ನು ಪಕ್ಕಾ ಮಾಡಿದಾಗ ತಟ್ಟೆಯ ಮಿತಿ ಬಯಲಾಯಿತು. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಹತ್ತು ಲಕ್ಷದ ಆಸುಪಾಸು ಬ್ಯಾಕ್ಟೀರಿಯಾಗಳಿರುತ್ತವೆ. ತಟ್ಟೆಯಲ್ಲಿ ಮೊಳೆಯುವುದು ನೂರಕ್ಕೆ ಒಂದೂ ಇಲ್ಲ. ಅದೇ ವರ್ಷ ಕಾರ್ಲ್ ವೋಸ್ ರೈಬೋಸೋಮಿನ ಆರ್‌ಎನ್‌ಎ ಓದಿ ಜೀವಿಗಳ ವಂಶವೃಕ್ಷವನ್ನೇ ಬದಲಿಸಿದರು. ಈ ದಾರಿಯಲ್ಲಿ 1990ರಲ್ಲಿ ಸಿಕ್ಕ ಎಸ್‌ಎಆರ್-11 ಎಂಬ ಗುಂಪು, ಕಡಲಿನಲ್ಲಿ ಅತಿ ಹೆಚ್ಚು ಇರುವ ಜೀವಿಗಳಲ್ಲೊಂದಾಗಿದ್ದರೂ ಆವರೆಗೆ ಯಾವ ತಟ್ಟೆಯಲ್ಲೂ ಮೊಳೆತಿರಲಿಲ್ಲ.

ಮಂಗಳೂರಿನಲ್ಲಿ ಈ ಬದಲಾವಣೆ ರೋಗಾಣುಗಳ ಮೂಲಕ ಬಂತು. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು 1950ರ ಒಸಾಕಾ ವಿಷಾಹಾರ ಪ್ರಕರಣದ ಬೆನ್ನಿಗೆ ಜಪಾನಿನ ಫುಜಿನೊ ಕಂಡುಹಿಡಿದಿದ್ದರು. ಇದನ್ನು ಹುಡುಕುವ ರೀತಿ ಹೀಗೆ: ಚಿಪ್ಪಿನ ಮಾಂಸವನ್ನು ಅರೆದು, ಉಪ್ಪು ಹಾಕಿದ ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಬೆಳೆಸಿ, ಟಿಸಿಬಿಎಸ್ ಎಂಬ ಹಸಿರು ಮಾಧ್ಯಮದ ಮೇಲೆ ಎಳೆಯುತ್ತಾರೆ. ಕಾಲರಾದ ವಿಬ್ರಿಯೊ ಅದರ ಮೇಲೆ ಹಳದಿಯಾಗಿ ಮೂಡುತ್ತದೆ, ಇದು ಹಸಿರಾಗಿಯೇ ಮೂಡುತ್ತದೆ. ಆದರೆ ಹಸಿರು ಚುಕ್ಕೆಗಳೆಲ್ಲ ರೋಗ ತರುವವಲ್ಲ. ನಂಜಿನ ಟಿಡಿಎಚ್ ಅಥವಾ ಟಿಆರ್‌ಎಚ್ ಜೀನ್ ಉಳ್ಳವು ಯಾವುವೆಂದು ಜೀನ್ ಪತ್ತೆಹಚ್ಚುವ ಪಿಸಿಆರ್‌ನಿಂದ ಬೇರೆಯಾಗಿ ನೋಡಬೇಕು. ನೈಋತ್ಯ ಕರಾವಳಿಯ ಸಿಂಪಿಗಳ ಮೇಲೆ ಕಾಲೇಜಿನ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ಟಿಡಿಎಚ್ ಜೀನ್ ಸಿಕ್ಕಿದ್ದು ನೂರಕ್ಕೆ ಹತ್ತರಷ್ಟರಲ್ಲಿ ಮಾತ್ರ.

ಸಿಗಡಿ ಕೃಷಿಯ ಭರಾಟೆ ಇನ್ನೊಂದು ಪಾಠ ಕಲಿಸಿತು. ಹಲವು ಪ್ರತಿಜೈವಿಕಗಳಿಗೆ ಜಗ್ಗದ ವಿಬ್ರಿಯೊ ಹಾರ್ವೆಯಿ ಸಿಗಡಿ ಮರಿಗಳನ್ನು ಸಾಮೂಹಿಕವಾಗಿ ಕೊಂದದ್ದನ್ನು ಇದೇ ತಂಡ 1994ರಲ್ಲಿ ದಾಖಲಿಸಿತು. 2006ರಲ್ಲಿ ಅದೇ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ವೈರಸ್ಸನ್ನು ಬೇರ್ಪಡಿಸಿ, ಮರಿ ಉತ್ಪಾದನಾ ಕೇಂದ್ರದಲ್ಲಿ ಮದ್ದಾಗಿ ಬಳಸಬಹುದೆಂದು ತೋರಿಸಿತು.

ಕೆಸರಿನ ಒಳಗೆ

ಅಳಿವೆಯ ಕೆಸರನ್ನು ಕೊಳವೆಯಿಂದ ತೆಗೆದರೆ ಮೇಲಿನ ತೆಳು ಪದರ ಕಂದು, ಅದರ ಕೆಳಗೆ ಅಪ್ಪಟ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಈ ಬಣ್ಣಗಳು ಉಸಿರಾಟದ ಕ್ರಮವನ್ನು ಹೇಳುತ್ತವೆ. ಮೇಲೆ ಆಮ್ಲಜನಕದಿಂದ ಉಸಿರಾಡುವವು; ಅದು ಮುಗಿದಲ್ಲಿ ನೈಟ್ರೇಟ್ ಬಳಸುವವು; ಬಳಿಕ ಮ್ಯಾಂಗನೀಸ್, ಕಬ್ಬಿಣ; ಆಮೇಲೆ ಸಲ್ಫೇಟ್; ಎಲ್ಲಕ್ಕಿಂತ ಕೆಳಗೆ ಮೀಥೇನ್ ಮಾಡುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು. ಲೀಟರ್ ಕಡಲ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ ಆ ಉಸಿರಾಟಕ್ಕೆ ಕೊರತೆಯಿಲ್ಲ. ಅದರಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್, ಮುರಮಣ್ಣು ತಂದ ಕಬ್ಬಿಣದೊಡನೆ ಸೇರಿ ಕಪ್ಪು ಕಬ್ಬಿಣ ಸಲ್ಫೈಡ್ ಆಗುತ್ತದೆ. ನಮ್ಮ ಗುಡ್ಡಗಳ ಕೆಂಪು ಕಡಲಲ್ಲಿ ಕಪ್ಪಾಗುವುದು ಸೂಕ್ಷ್ಮಜೀವಿಗಳ ಕೈವಾಡ.

ಇದೇ ಕ್ರಮ ಕೆಸರಿನಿಂದ ಮೇಲೆದ್ದು ನೀರಿಗೂ ಹಬ್ಬುವುದನ್ನು ಗೋವೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಮುಂಗಾರಿನಲ್ಲಿ ಆಳದ ಆಮ್ಲಜನಕಹೀನ ನೀರು ಕರಾವಳಿಗೆ ಏರುತ್ತದೆ. ಮಳೆ ಮತ್ತು ನದಿಗಳ ಸಿಹಿನೀರು ಅದರ ಮೇಲೆ ತೆಳುವಾಗಿ ಹರಡಿ, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ಮುಚ್ಚುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದ ನೀರಿನಲ್ಲಿ ನೈಟ್ರೇಟ್ ಕೂಡ ಮುಗಿದು ಹೈಡ್ರೋಜನ್ ಸಲ್ಫೈಡ್ ಕಾಣಿಸಿಕೊಳ್ಳುತ್ತದೆ. ಭೂಮಿಯನ್ನು ಬಿಸಿಯೇರಿಸುವ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ಸುಮಾರು 1,80,000 ಚದರ ಕಿ.ಮೀ. ಹರಡಿದ ಈ ವಲಯ ಪಶ್ಚಿಮ ಕರಾವಳಿಯುದ್ದಕ್ಕೂ ಇದೆ. ಆ ಸಿಹಿನೀರಿನ ಮುಚ್ಚಳದಲ್ಲಿ ಕುಮಾರಧಾರೆಯ ಪಾಲೂ ಇದೆ.

ತೋಡಿನಿಂದ ಇಳಿದು ಬಂದ ಹಾದಿ

1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕೆ.ಎಂ. ಕಾವೇರಿಯಪ್ಪ, ಕೆ.ಆರ್. ಶ್ರೀಧರ್ ಮುಂತಾದವರು ಘಟ್ಟದ ತೊರೆಗಳ ಜಲಶಿಲೀಂಧ್ರಗಳನ್ನು ಕೈಗೆತ್ತಿಕೊಂಡರು. ನೀರಿಗೆ ಬಿದ್ದ ಎಲೆಯನ್ನು ಮೊದಲು ಕೊಳೆಸುವ ಈ ಜೀವಿಗಳನ್ನು ಇಂಗ್ಲೆಂಡಿನ ಇಂಗೋಲ್ಡ್ 1942ರಲ್ಲಿ ವಿವರಿಸಿದ್ದರು. ಮಳೆಗಾಲದಲ್ಲಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡ ನೊರೆಯನ್ನು ಬಾಚಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ನಾಲ್ಕು ಕೈ ಚಾಚಿದ, ಕುಡುಗೋಲಿನಂತೆ ಬಾಗಿದ ಬೀಜಕಣಗಳು ಸಾಲುಸಾಲಾಗಿ ಕಾಣುತ್ತವೆ. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಬೆಚ್ಚನೆಯ ಗಂಧಕದ ನೀರಿನಲ್ಲೂ ಇವು ಇರುವುದನ್ನು ಚಂದ್ರಶೇಖರ್, ಶ್ರೀಧರ್, ಕಾವೇರಿಯಪ್ಪ 1991ರಲ್ಲಿ ಪ್ರಕಟಿಸಿದರು. ಮುಂದೆ ಪ್ರಸನ್ನ ರೈ ಮತ್ತು ಶ್ರೀಧರ್ ಪಶ್ಚಿಮ ಕರಾವಳಿಯ ಮರದ ತುಂಡುಗಳ ಕಡಲ ಶಿಲೀಂಧ್ರಗಳನ್ನು, ಆನಂದ ಮತ್ತು ಶ್ರೀಧರ್ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಎಲೆ-ಕಟ್ಟಿಗೆಯ ಶಿಲೀಂಧ್ರಗಳನ್ನು ಪಟ್ಟಿ ಮಾಡಿದರು. ತೋಡಿನಿಂದ ಹೊರಟ ಅಧ್ಯಯನ ಹೀಗೆ ಅಳಿವೆ ತಲುಪಿತು.

ರಾಮಕುಂಜದ ಕೃಷಿಕನಿಗೆ ಶಿಲೀಂಧ್ರವೆಂದರೆ ಮೊದಲು ನೆನಪಾಗುವುದು ಅಡಕೆಯ ಕೊಳೆರೋಗ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಕಾರಣ ಫೈಟಾಫ್ತೊರ ಎಂದು ವಿವರಿಸಿ, ಬೋರ್ಡೋ ಸಿಂಪಡಣೆಗೆ ಹಾದಿ ಮಾಡಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಮ್ಮೆ, ನಡುವೆ ಮತ್ತೊಮ್ಮೆ. ಶಿಲೀಂಧ್ರದಂಥ ಈ ಜೀವಿಯನ್ನು ಕೊಲ್ಲಲೆಂದೇ ಹೊಡೆಯುವ ತಾಮ್ರ ಮಣ್ಣಿನ ಕಣಕ್ಕೆ ಅಂಟಿ ಮಳೆನೀರಿನೊಡನೆ ತೋಡಿಗೆ ಇಳಿಯುತ್ತದೆ. ಎಲೆ ಕೊಳೆಸುವ ಜಲಶಿಲೀಂಧ್ರಗಳಿಗೂ ಹೆಚ್ಚಿನ ತಾಮ್ರ ನಂಜೇ.

ಸಮಾರೋಪ

ಮಂಗಳೂರಿನ ಕಡಲ ಸೂಕ್ಷ್ಮಜೀವಿ ವಿಜ್ಞಾನ ಕುತೂಹಲಕ್ಕಿಂತ ಹೆಚ್ಚಾಗಿ ಸಂಕಟದಿಂದ ಬೆಳೆದದ್ದು: ಸತ್ತ ಮೀನು, ಬಾರದ ಬೂತಾಯಿ, ನಂಜಾದ ಮರುವಾಯಿ, ಸಾಯುವ ಸಿಗಡಿ. ಸಂಕಟ ದಡದಲ್ಲಿ ಕಾಣಿಸಿಕೊಂಡದ್ದರಿಂದ ಮಾದರಿಗಳನ್ನೂ ದಡದಲ್ಲೇ ತೆಗೆದರು. ಆದರೆ ಅದರ ಬೇರಿನ ಒಂದು ಪಾಲು ನದಿಯ ಮೇಲ್ಭಾಗದಲ್ಲೂ ಇರಬಹುದು. ಇಂದು ಡಿಎನ್ಎ ಓದುವ ಯಂತ್ರಗಳು ಅಗ್ಗವಾಗಿವೆ. ಕೊಣಾಜೆಯ ಶಿಲೀಂಧ್ರ ಪರಿಣತಿಯೂ ಮೀನುಗಾರಿಕಾ ಕಾಲೇಜಿನ ಬ್ಯಾಕ್ಟೀರಿಯಾ ಪರಿಣತಿಯೂ ನೇತ್ರಾವತಿಯ ಆಚೀಚೆ ದಡಗಳಲ್ಲೇ ಇವೆ. ಮುಂಗಾರಿನ ಮೊದಲು ಮತ್ತು ಅನಂತರ, ಒಂದೇ ವಿಧಾನದಲ್ಲಿ, ತೋಟದ ತೋಡಿನ ನೊರೆ, ಉಪ್ಪಿನಂಗಡಿ ಸಂಗಮದ ಮರಳು, ಉಳ್ಳಾಲದ ಕೆಸರು, ಹೊರಗಡಲಿನ ತಳ ಇವುಗಳನ್ನು ಜೊತೆಗಿಟ್ಟು ಓದಬೇಕು. ಪ್ರತಿ ಮಾದರಿಯಲ್ಲೂ ತಾಮ್ರ, ಕಬ್ಬಿಣ ಅಳೆಯಬೇಕು. ಕಡಲತಳದ ಕೆಸರಿನ ಮುಂದಿನ ಸಂಶೋಧನಾ ಯೋಜನೆ ಬರೆಯುವವರು ತಮ್ಮ ಮೊದಲ ಮಾದರಿ ತಾಣವನ್ನು ಕಡಬ ತಾಲೂಕಿನಲ್ಲೇ ಗುರುತಿಸಲಿ.