ರಕ್ತದಲ್ಲಿ ಸುಳಿವು ಸಿಕ್ಕರೆ ಹಂತ ಗೊತ್ತಾದಂತೆಯೇ?

ಪ್ರಾಸ್ಟೇಟ್ ಕ್ಯಾನ್ಸರ್ ಗ್ರಂಥಿಯೊಳಗೇ ಉಳಿದಿದ್ದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣದಿಂದ ಗುಣವಾಗುವ ಭರವಸೆ ಉಂಟು. ಮೂಳೆಗೆ ಹಬ್ಬಿದ್ದರೆ ಹಾರ್ಮೋನು ತಡೆಯುವ ಚಿಕಿತ್ಸೆಯೇ ಮುಖ್ಯವಾಗುತ್ತದೆ. ದೇವದುರ್ಗ ಅಥವಾ ಮಾನ್ವಿಯ ಹಿರಿಯರೊಬ್ಬರು ಮೂತ್ರ ಕಟ್ಟಿತೆಂದೋ ಸೊಂಟ ಹಿಡಿದಿದೆಯೆಂದೋ ರಾಯಚೂರಿಗೆ ಬಂದರೆ, ರೋಗ ಹಬ್ಬಿದೆಯೇ ಎಂಬ ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಮುಂದೆ ಕಲಬುರಗಿಗೋ ಬೆಂಗಳೂರಿಗೋ ಅಲೆಯಬೇಕಾಗಬಹುದು. ಒಂದು ಸೀಸೆ ರಕ್ತವೇ ಉತ್ತರ ಹೇಳುವಂತಿದ್ದರೆ ಎಂಬ ಆಸೆ ಸಹಜ. ಆದರೆ ಎಂಟು ದಶಕ ದಾಟಿದ ಈ ಹುಡುಕಾಟ ಕಲಿಸಿದ್ದು ಇಷ್ಟು: ರಕ್ತದಲ್ಲಿ ರೋಗದ ಸುಳಿವು ಹಿಡಿಯುವುದು ಬೇರೆ, ರೋಗದ ಹಂತ ನಿರ್ಧರಿಸುವುದು ಬೇರೆ.

1938ರಲ್ಲಿ ನ್ಯೂಯಾರ್ಕಿನ ಗುಟ್ಮನ್ ದಂಪತಿ, ಮೂಳೆಗೆ ಹಬ್ಬಿದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುವುದನ್ನು ತೋರಿಸಿದರು. ಅದು ಏರುವ ಹೊತ್ತಿಗೆ ಎಷ್ಟೋ ಸಲ ಕಾಲ ಮೀರಿರುತ್ತಿತ್ತು. 1980ರ ದಶಕದಲ್ಲಿ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನಾದ ಪಿಎಸ್‌ಎ ಆ ಜಾಗ ಹಿಡಿಯಿತು. ಇದು ಹೆಚ್ಚು ಸೂಕ್ಷ್ಮ; ಆದರೆ ಗ್ರಂಥಿ ಊದಿದರೂ ಸೋಂಕು ತಗಲಿದರೂ ಏರುತ್ತದೆ. 1992ರಲ್ಲಿ ಹೊಸ ದಾರಿ ತೆರೆಯಿತು: ರಕ್ತದಲ್ಲಿ ಅಲೆಯುವ ಪ್ರಾಸ್ಟೇಟ್ ಜೀವಕೋಶಗಳ ಪಿಎಸ್‌ಎ ಸಂದೇಶವಾಹಕ ಆರ್‌ಎನ್‌ಎಯನ್ನು ಪಿಸಿಆರ್ ಎಂಬ ಪ್ರತಿ ಹೆಚ್ಚಿಸುವ ವಿಧಾನದಿಂದ ಪತ್ತೆಮಾಡುವುದು. 1994ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಇದನ್ನು ‘ಅಣುಮಟ್ಟದ ಹಂತ ನಿರ್ಣಯ’ ಎಂದೇ ಕರೆದು, ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗ ಗ್ರಂಥಿಯ ಹೊರಗೆ ದಾಟಿದೆಯೇ ಎಂದು ಹೇಳಬಹುದೆಂದಿತು.

ಮುಂದಿನ ಅಧ್ಯಯನಗಳು ಒಂದಕ್ಕೊಂದು ಹೊಂದಲಿಲ್ಲ. ಗ್ರಂಥಿಯೊಳಗೇ ರೋಗವಿದ್ದವರಲ್ಲಿ ಒಂದು ಪ್ರಯೋಗಾಲಯಕ್ಕೆ ಸುಳಿವು ಸಿಗುವುದೇ ಅಪರೂಪವಾದರೆ, ಇನ್ನೊಂದಕ್ಕೆ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಸಿಕ್ಕಿತು. ಕಾರಣ ವಿಧಾನದಲ್ಲೇ ಇತ್ತು. ಪಿಸಿಆರ್‌ನ ಪ್ರತಿ ಸುತ್ತಿಗೂ ಪ್ರತಿಗಳು ಸುಮಾರು ಇಮ್ಮಡಿಯಾಗುತ್ತವೆ. ಸುತ್ತು ಮಿತಿಮೀರಿದರೆ ಸಾಮಾನ್ಯ ಬಿಳಿ ರಕ್ತಕಣಗಳಲ್ಲಿರುವ ಅಲ್ಪ ಸಂದೇಶವೂ ಕಂಡುಬಿಡುತ್ತದೆ. ಆರ್‌ಎನ್‌ಎ ಬೇಗ ಒಡೆಯುವುದರಿಂದ, ರಾಯಚೂರಿನ ಬೇಸಿಗೆಯಲ್ಲಿ ತಂಪಿಲ್ಲದೆ ಗಂಟೆಗಟ್ಟಲೆ ಸಾಗಿದ ಮಾದರಿಯಲ್ಲಿ ‘ಇಲ್ಲ’ ಎಂಬ ಉತ್ತರಕ್ಕೂ ಬೆಲೆಯಿರದು. ಇದಕ್ಕಿಂತ ದೊಡ್ಡ ತೊಡಕು ಜೀವಶಾಸ್ತ್ರದ್ದು: ಹೊಲಕ್ಕೆ ಬಿದ್ದ ಕಾಳೆಲ್ಲ ಮೊಳೆಯುವುದಿಲ್ಲ, ರಕ್ತಕ್ಕೆ ಇಳಿದ ಜೀವಕೋಶವೆಲ್ಲ ಮೂಳೆಯಲ್ಲಿ ಗಡ್ಡೆಯಾಗುವುದಿಲ್ಲ.

ತಂತ್ರ ಈಗ ಸುಧಾರಿಸಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. 2008ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಅಮೆರಿಕ ಒಪ್ಪಿದ ಸೆಲ್‌ಸರ್ಚ್ ಪರೀಕ್ಷೆ 7.5 ಮಿಲಿಲೀಟರ್ ರಕ್ತದಲ್ಲಿ ಕ್ಯಾನ್ಸರ್ ಕೋಶಗಳನ್ನು ಎಣಿಸುತ್ತದೆ. ಐದು ಅಥವಾ ಹೆಚ್ಚಿದ್ದರೆ ಮುನ್ಸೂಚನೆ ಕೆಟ್ಟದ್ದು. ರಕ್ತದಲ್ಲಿ ತೇಲುವ ಡಿಎನ್‌ಎ ಪರೀಕ್ಷೆಯಿಂದ ಬಿಆರ್‌ಸಿಎ ವಂಶವಾಹಿಯ ದೋಷ ಪತ್ತೆಹಚ್ಚಿ ಒಲಾಪರಿಬ್‌ನಂಥ ಔಷಧಿ ಆರಿಸಬಹುದು. ಆದರೆ ಇವೆರಡೂ ನೆರವಾಗುವುದು ರೋಗ ಹಬ್ಬಿದೆಯೆಂದು ಗೊತ್ತಾದ ಮೇಲೆ. ಹಂತ ನಿರ್ಣಯದಲ್ಲಿ ದೊಡ್ಡ ಹೆಜ್ಜೆಯಿಟ್ಟದ್ದು ಚಿತ್ರಣ: 2020ರ ಪ್ರೋಪಿಎಸ್‌ಎಂಎ ಅಧ್ಯಯನದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲಿನ ಪ್ರೋಟೀನನ್ನು ಗುರುತಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನಿನ ನಿಖರತೆ 92 ಪ್ರತಿಶತ, ಸಾಂಪ್ರದಾಯಿಕ ಸ್ಕ್ಯಾನುಗಳದ್ದು 65.

ಹಾಗಾದರೆ ಹಿಂದುಳಿದ ಜಿಲ್ಲೆಗೆ ಹೊಸ ಪರೀಕ್ಷೆ ಬೇಡವೇ? ಬೇಕು. ರೋಗಿಯ ಬದಲು ರಕ್ತ ಪ್ರಯಾಣಿಸುವುದು ಇಲ್ಲಿಯವರಿಗೇ ಹೆಚ್ಚು ಅನುಕೂಲ. ಆದರೆ ಅನುಕೂಲವನ್ನು ನಿಖರತೆಯೆಂದು ಭ್ರಮಿಸಬಾರದು. ಸುಳ್ಳು ‘ಹೌದು’ ಗುಣವಾಗಬಲ್ಲವರ ಶಸ್ತ್ರಚಿಕಿತ್ಸೆ ತಪ್ಪಿಸುತ್ತದೆ. ಸುಳ್ಳು ‘ಇಲ್ಲ’ ಹಬ್ಬಿದ ರೋಗಕ್ಕೆ ವ್ಯರ್ಥ ಕತ್ತರಿ ಹಾಕಿಸುತ್ತದೆ. ಆದ್ದರಿಂದ ತಾಲ್ಲೂಕು ಮಟ್ಟದಲ್ಲಿ ಪಿಎಸ್‌ಎ ಮತ್ತು ವೈದ್ಯರ ಬೆರಳು ತಪಾಸಣೆ, ಜಿಲ್ಲೆಯಲ್ಲಿ ಬಯಾಪ್ಸಿ, ಅಗತ್ಯವಿದ್ದವರಿಗೆ ಪ್ರಯಾಣದ ಖರ್ಚಿನೊಂದಿಗೆ ಸ್ಕ್ಯಾನ್: ಈ ಕ್ರಮವನ್ನು ಮೊದಲು ಗಟ್ಟಿಗೊಳಿಸಬೇಕು. ಹೊಸ ರಕ್ತಪರೀಕ್ಷೆ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದೇ ಉತ್ತರ ಕೊಟ್ಟು, ಆ ಉತ್ತರದಿಂದ ರೋಗಿಯ ಚಿಕಿತ್ಸೆ ಸುಧಾರಿಸುತ್ತದೆಂದು ತೋರಿಸಿದ ಮೇಲಷ್ಟೇ ಅದರ ಖರ್ಚನ್ನು ಇಲ್ಲಿಯ ಬಡ ಕುಟುಂಬದ ಮೇಲೆ ಹೊರಿಸುವುದು ನ್ಯಾಯ.