ಸೆಡ್ಡು ಹೊಡೆದವರು, ಪೆಟ್ಟು ತಿಂದವರು

ಸೆಡ್ಡು ಎಂಬುದು ಮೊದಲಿಗೆ ಒಂದು ಸಪ್ಪಳ, ಪದವಾದದ್ದು ಆಮೇಲೆ. ಗರಡಿಯಲ್ಲಿ ಪೈಲ್ವಾನ ಅಂಗೈಯನ್ನು ತುಸು ಗುಳಿ ಮಾಡಿ ತೊಡೆಗೋ ರಟ್ಟೆಗೋ ಬಿಟ್ಟರೆ ಒಳಗೆ ಗಾಳಿ ಸಿಕ್ಕಿಕೊಂಡು ಠಪ್ ಅನ್ನುತ್ತದೆ. ಅಂಗೈ ಚಪ್ಪಟೆಯಾಗಿದ್ದರೆ ಸಪ್ಪಳ ಏಳುವುದಿಲ್ಲ, ಚರ್ಮ ಉರಿಯುತ್ತದೆ ಅಷ್ಟೆ. ಹೊಸದಾಗಿ ಬಂದ ಹುಡುಗರಿಗೆ ಪಟ್ಟು ಕಲಿಯುವ ಮೊದಲೇ ಇದನ್ನು ಕಲಿಯುವ ಆಸೆ. ವಸ್ತಾದಿಗೆ ಅದು ಸೇರದು. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡಿದ ಆ ಕೆಮ್ಮಣ್ಣಿನ ಮೇಲೆ ಸೆಡ್ಡಿಗಿರುವುದು ಒಂದೇ ಅರ್ಥ: ನಾನು ಇಳಿದಿದ್ದೇನೆ, ನೀನೂ ಇಳಿ. ತಾನು ಸೆಡ್ಡು ಹೊಡೆದು, ಕಟ್ಟೆಯ ಮೇಲೆ ಕೂತು, ತಮ್ಮನನ್ನು ಕಣಕ್ಕೆ ದೂಡುವ ಪೈಲ್ವಾನನಿಗೆ ಯಾವ ಗರಡಿಯಲ್ಲೂ ಮರ್ಯಾದೆ ಇಲ್ಲ.

ನಮ್ಮ ಹಳೇ ಬಳ್ಳಾರಿ ಜಿಲ್ಲೆಯಲ್ಲಿ ಈ ಪದಕ್ಕೆ ಎರಡು ಕಡೆಯ ನೆಂಟಸ್ತನವಿದೆ. ಮರಾಠಿಯಲ್ಲಿ ‘ಶಡ್ಡೂ ಠೋಕಣೆ’ ಅಂದರೂ ಇದೇ. ಸಂಡೂರನ್ನು ಆಳಿದ ಘೋರ್ಪಡೆಯವರೂ ಮರಾಠರೇ. ಯಾರು ಯಾರಿಂದ ಪಡೆದರೆಂಬ ಜಗಳ ಪಂಡಿತರಿಗಿರಲಿ. ಇನ್ನೊಂದು ಕಡೆ ತೆಲುಗಿನ ‘ತೊಡ ಕೊಟ್ಟಡಂ’. ಹೊಸಪೇಟೆ, ಕಂಪ್ಲಿ ಕಡೆ ತೆಲುಗು ಸಿನಿಮಾ ನೋಡಿಕೊಂಡು ಬೆಳೆದವರಿಗೆ ಬಾಲಕೃಷ್ಣ ತೊಡೆ ತಟ್ಟುವುದನ್ನು ವಿವರಿಸಬೇಕಾಗಿಲ್ಲ. 2003ರ ‘ಪಲನಾಟಿ ಬ್ರಹ್ಮನಾಯುಡು’ವಿನಲ್ಲಿ ಆತ ತೊಡೆ ತಟ್ಟಿದರೆ ರೈಲೇ ಹಿಂದಕ್ಕೆ ಓಡುತ್ತದೆ. ಜನ ಇಂದಿಗೂ ಅದನ್ನು ನೆನೆದು ನಗುತ್ತಾರೆ. ನನಗೇನೋ ನಮ್ಮ ಅನೇಕ ನಾಯಕರು ಸೆಡ್ಡು ಕಲಿತದ್ದು ಗರಡಿಯಲ್ಲಲ್ಲ, ಈ ರೈಲಿನ ಮುಂದೆ ಅನ್ನಿಸುತ್ತದೆ. ತೊಡೆ ತಟ್ಟಿದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ನಡೆಯಬೇಕು.

ಹಂಪಿಯಲ್ಲಿ ಹೀಗಿರಲಿಲ್ಲ. ಮಹಾನವಮಿ ದಿಬ್ಬದ ಸುತ್ತ ಕೆತ್ತಿದ ಆನೆ, ಕುದುರೆ, ಬೇಟೆ, ಕುಣಿತಗಳ ನಡುವೆ ಕುಸ್ತಿಯ ಜೋಡಿಗಳೂ ಇವೆ. 1520ರ ಸುಮಾರಿಗೆ ಅದೇ ಮಹಾನವಮಿಯನ್ನು ಕಣ್ಣಾರೆ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿಯ ಕುಸ್ತಿ ನಮ್ಮ ಕಡೆಯಂತಲ್ಲ, ಹಲ್ಲು ಮುರಿದು ಕಣ್ಣು ಹೋಗುವಷ್ಟು ಪೆಟ್ಟು ಬೀಳುತ್ತವೆ, ಮಾತು ನಿಂತವರನ್ನು ಗೆಳೆಯರು ಹೊತ್ತು ಸಾಗಿಸುತ್ತಾರೆ ಎಂಬರ್ಥದಲ್ಲಿ ಬರೆದಿದ್ದಾನೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಸೇರಿಸಿದ್ದಾನೆ: ಇಬ್ಬರನ್ನೂ ಸರಿಸಮವಾಗಿ ಕಣದಲ್ಲಿ ನಿಲ್ಲಿಸುವುದಕ್ಕೆ, ಗೆದ್ದವನಿಗೆ ಸಲ್ಲಬೇಕಾದ ಗೌರವ ಸಲ್ಲಿಸುವುದಕ್ಕೆ ಅಲ್ಲಿ ತೀರ್ಪುಗಾರರಿದ್ದರು. ಅವನ ನಂತರ ಬಂದ ನ್ಯೂನಿಜ್ ದ್ವಂದ್ವಯುದ್ಧದ ಸುದ್ದಿ ಹೇಳುತ್ತಾನೆ. ಅದು ಬಲು ಗೌರವದ ಸಂಗತಿಯಂತೆ, ಸತ್ತವನ ಆಸ್ತಿ ಉಳಿದವನಿಗಂತೆ. ಆದರೆ ಮಂತ್ರಿಯ ಅಪ್ಪಣೆ ಪಡೆಯದೆ ಯಾರೂ ಕಾದುವಂತಿರಲಿಲ್ಲ. ವಿಜಯನಗರದವರು ಸಾಧುಗಳಾಗಿದ್ದರೆಂದು ನಾನು ಹೇಳುತ್ತಿಲ್ಲ. ಹೊಡೆದಾಟ ಎಲ್ಲಿ, ಯಾರ ಯಾರ ನಡುವೆ, ಯಾರ ಎದುರಿಗೆ ಎಂಬುದನ್ನು ಅವರು ಮೊದಲೇ ಗೊತ್ತು ಮಾಡುತ್ತಿದ್ದರು. ಗರಡಿಯ ಭಾಷೆಯಲ್ಲಿ ಇದಕ್ಕೆ ಜೋಡಿ ಕಟ್ಟುವುದು ಅನ್ನುತ್ತಾರೆ.

ಜೋಡಿ ಕಟ್ಟಿದ ಮೇಲೂ ಮರೆಯಿಂದ ಬಾಣ ಬಿಡುವವರಿರುತ್ತಾರೆ ಎಂಬುದಕ್ಕೂ ಈ ಊರೇ ಸಾಕ್ಷಿ. ಕಿಷ್ಕಿಂಧೆ ನಮ್ಮ ಆನೆಗೊಂದಿಯೇ ಎಂದು ನಂಬಿದವರು ನಾವು. ಸುಗ್ರೀವ ವಾಲಿಯ ಬಾಗಿಲಿಗೆ ಹೋಗಿ ಅಬ್ಬರಿಸಿದನಲ್ಲ, ಅದು ಈ ನೆಲದ ಮೊದಲ ಸೆಡ್ಡು. ತಾರೆ ಬೇಡವೆಂದಳು. ಮೊದಲು ಸೋತು ಓಡಿದವನು ಇಷ್ಟು ಬೇಗ ಮತ್ತೆ ಬಂದಿದ್ದಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ ಎಂದಳು. ವಾಲಿ ಕೇಳಲಿಲ್ಲ; ಸೆಡ್ಡು ಕೇಳಿದ ಮೇಲೆ ಒಳಗೆ ಕೂರುವುದು ಅವನಿಂದ ಆಗದ ಮಾತು. ಮರದ ಮರೆಯ ಬಾಣ ಎದೆಗೆ ನಾಟಿತು. ಆನೆಗೊಂದಿಯ ಚಿಂತಾಮಣಿಯಲ್ಲಿ ರಾಮ ನಿಂತು ಬಾಣ ಬಿಟ್ಟ ಜಾಗ ತೋರಿಸುತ್ತಾರೆ, ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆನ್ನುತ್ತಾರೆ. ನನಗೆ ಈ ಕತೆಯಲ್ಲಿ ಹಿಡಿಸುವುದು ಬೇರೆ ಒಂದು ವಿವರ. ಮೊದಲನೇ ಸುತ್ತಿನಲ್ಲಿ ಅಣ್ಣ ಯಾರು ತಮ್ಮ ಯಾರು ಎಂದು ರಾಮನಿಗೇ ಗೊತ್ತಾಗಲಿಲ್ಲ. ಎರಡನೇ ಸುತ್ತಿಗೆ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಹಾಕಿ ಕಳಿಸಬೇಕಾಯಿತು. ಪಕ್ಷದ ಶಾಲಿನ ಇತಿಹಾಸ ಬರೆಯುವವರು ಇಲ್ಲಿಂದ ಶುರು ಮಾಡಬಹುದು.

ಈಗ ಸೆಡ್ಡು ಗರಡಿ ಬಿಟ್ಟು ಪತ್ರಿಕೆಯ ತಲೆಬರಹದಲ್ಲಿ ಸಂಸಾರ ಹೂಡಿದೆ. ಹೈಕಮಾಂಡ್‌ಗೆ ಸೆಡ್ಡು ಹೊಡೆದ ಶಾಸಕ, ಚೀನಾಕ್ಕೆ ಸೆಡ್ಡು, ಬರಕ್ಕೆ ಸೆಡ್ಡು ಹೊಡೆದ ರೈತ, ಕ್ಯಾನ್ಸರಿಗೆ ಸೆಡ್ಡು ಹೊಡೆದ ಮಹಿಳೆ. ಕಾರಣ ಸರಳ. ಎರಡೇ ಅಕ್ಷರ, ಒಂದು ಒತ್ತು. ಸಿಂಗಲ್ ಕಾಲಮ್ಮಿನಲ್ಲಿ ಹಿಡಿಸುತ್ತದೆ, ಓದಿದವನ ಕಿವಿಗೂ ಠಪ್ ಅನ್ನುತ್ತದೆ. ಸವಾಲು, ವಿರೋಧ, ಭಿನ್ನಾಭಿಪ್ರಾಯ ಎಂದರೆ ಯಾರು ತಿರುಗಿ ನೋಡುತ್ತಾರೆ? ಹೀಗಾಗಿ ಅಸಮಾಧಾನದ ಒಂದು ಪತ್ರ ಬರೆದವನೂ ನಮ್ಮಲ್ಲಿ ಸೆಡ್ಡು ಹೊಡೆದವನೇ. ತೊಡೆಯೂ ಇಲ್ಲ, ಮಣ್ಣೂ ಇಲ್ಲ, ಎದುರಾಳಿಗೆ ವಿಷಯವೇ ಗೊತ್ತಿಲ್ಲ.

ತೊಡೆ ನಿಜವಾಗಿಯೂ ಸದ್ದು ಮಾಡಿದ ಸಂದರ್ಭವೊಂದು ನಮ್ಮ ಜಿಲ್ಲೆಯವರ ನೆನಪಿನಲ್ಲಿದೆ. 2010ರ ಜುಲೈ. ಅಕ್ರಮ ಗಣಿಗಾರಿಕೆಯ ಮೇಲೆ ವಿಧಾನಸಭೆ ಕಾದ ಹಂಚಾಗಿತ್ತು. ಧೈರ್ಯವಿದ್ದರೆ ಬಳ್ಳಾರಿಗೆ ಬನ್ನಿ ಎಂಬ ಮಾತು ರೆಡ್ಡಿ ಸಹೋದರರ ಕಡೆಯಿಂದ ಬಂತು, ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ತೊಡೆ ತಟ್ಟಿ ಬರುತ್ತೇನೆ ಎಂದರು. ಸದನದಲ್ಲಿ ತೊಡೆ ತಟ್ಟುವುದು ಚೆಂದವಲ್ಲ ಎಂದು ಮೂಗು ಮುರಿದವರಿದ್ದರು; ನನಗೂ ಅದು ಚೆಂದ ಕಂಡಿರಲಿಲ್ಲ. ಆದರೆ ಗರಡಿಯ ಲೆಕ್ಕದಲ್ಲಿ ಅದು ಸರಿಯಾದ ಸೆಡ್ಡು. ಯಾಕೆಂದರೆ ತಟ್ಟಿದವರೇ ಎದ್ದು ನಡೆದರು. ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್, ಎರಡು ವಾರ, ತಮ್ಮದೇ ಕಾಲ ಮೇಲೆ. ಕಲ್ಲು ಬೀಳಲಿಲ್ಲ, ತಲೆ ಒಡೆಯಲಿಲ್ಲ. ಮರುವರ್ಷ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಸೆಪ್ಟೆಂಬರಿನಲ್ಲಿ ಸಿಬಿಐ ಆ ಸಹೋದರರಲ್ಲೊಬ್ಬರಾದ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು. ಬಾಯಿ ಬಿಸಿಯಾದ ಮಾತ್ರಕ್ಕೆ ರಕ್ತ ಹರಿಯಲೇಬೇಕೆಂದಿಲ್ಲ ಎಂಬುದಕ್ಕೆ ನಾನು ಈ ಪ್ರಸಂಗವನ್ನೇ ಹೇಳುವುದು.

ಇದಕ್ಕೆ ತದ್ವಿರುದ್ಧವಾದದ್ದು ಒಂಬತ್ತು ವರ್ಷದ ಮೇಲೆ ನಡೆಯಿತು. 2019ರ ಜನವರಿಯಲ್ಲಿ, ಶಾಸಕರನ್ನು ಸೆಳೆಯುವ ಬಿಜೆಪಿಯ ‘ಆಪರೇಷನ್ ಕಮಲ’ಕ್ಕೆ ಹೆದರಿ ಕಾಂಗ್ರೆಸ್ ತನ್ನ ಶಾಸಕರನ್ನು ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಿ ಕೂಡಿಹಾಕಿತ್ತು. ರಾತ್ರೋರಾತ್ರಿ ಜಗಳವಾಗಿ, ಹೊಸಪೇಟೆಯನ್ನೊಳಗೊಂಡ ವಿಜಯನಗರ ಕ್ಷೇತ್ರದ ಶಾಸಕ ಆನಂದ್ ಸಿಂಗ್ ಬೆಂಗಳೂರಿನ ಆಸ್ಪತ್ರೆ ಸೇರಿದರು. ಹೊಡೆದ ಆರೋಪ ಬಂದದ್ದು ಕಂಪ್ಲಿಯ ಶಾಸಕ ಜೆ.ಎನ್. ಗಣೇಶ್ ಮೇಲೆ. ಒಂದೇ ಪಕ್ಷ, ಒಂದೇ ರೆಸಾರ್ಟು, ಊರುಗಳೂ ಅಕ್ಕಪಕ್ಕ. ಯಾರೂ ಸೆಡ್ಡು ಹೊಡೆದಿರಲಿಲ್ಲ, ವೇದಿಕೆಯಿರಲಿಲ್ಲ, ಮೈಕಿರಲಿಲ್ಲ. ಪಕ್ಷದ ಕಡೆಯಿಂದ ಮೊದಲು ಬಂದ ವಿವರಣೆ: ಎದೆನೋವು. ಆಮೇಲೆ ಬಿಡದಿ ಠಾಣೆಯಲ್ಲಿ ಕೊಲೆಯತ್ನದ ಕೇಸು, ಪಕ್ಷದಿಂದ ಅಮಾನತು, ಫೆಬ್ರುವರಿಯಲ್ಲಿ ಗುಜರಾತಿನಲ್ಲಿ ಗಣೇಶ್ ಬಂಧನ.

ಕೊರಳಲ್ಲಿ ಒಂದೇ ಬಳ್ಳಿಯಿದ್ದವರ ಈ ಕುಸ್ತಿಯನ್ನು ಹೊಸಪೇಟೆಯ ಹೋಟೆಲುಗಳಲ್ಲಿ ಜನ ಮಂಡಾಳು ಒಗ್ಗರಣೆ, ಮಿರ್ಚಿ ಜೊತೆ ಬಹಳ ದಿನ ನಂಜಿಕೊಂಡರು. ನಾನು ಹೇಳಬೇಕಾದ್ದು ಇಷ್ಟೆ: ದ್ವೇಷಕ್ಕೆ ಎದುರು ಪಕ್ಷವೇ ಬೇಕೆಂದೇನಿಲ್ಲ, ಭಾಷಣವೂ ಬೇಕಿಲ್ಲ. ಹಿಂಸೆಯೆಲ್ಲ ಮಾತಿನಿಂದಲೇ ಹುಟ್ಟುತ್ತದೆ ಎನ್ನುವವರು ಈ ರೆಸಾರ್ಟನ್ನು ಮರೆಯಬಾರದು. ಅದೇ ವರ್ಷ ಜುಲೈನಲ್ಲಿ ಆನಂದ್ ಸಿಂಗ್ ರಾಜೀನಾಮೆ ಕೊಟ್ಟರು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಯಾದರು, 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆಯೂ ಉದ್ಘಾಟನೆಯಾಯಿತು. ಗಣೇಶ್ 2023ರಲ್ಲಿ ಕಂಪ್ಲಿಯಿಂದ ಮತ್ತೆ ಗೆದ್ದರು. ಈಗ ಹೊಸಪೇಟೆ ಒಂದು ಜಿಲ್ಲೆ, ಕಂಪ್ಲಿ, ಸಂಡೂರು ಇನ್ನೊಂದು ಜಿಲ್ಲೆ.

ಆದರೂ ಆ ರೆಸಾರ್ಟಿನಲ್ಲಿ ಹೊಡೆದಾಡಿದವರು, ಪೆಟ್ಟು ತಿಂದವರು ಶಾಸಕರೇ. ನನ್ನನ್ನು ಕಾಡುವುದು ಇನ್ನೊಂದು ಬಗೆಯದು. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂಬ ಹಗ್ಗಜಗ್ಗಾಟದಲ್ಲಿ ಎರಡೂ ಭಾಷೆಗಳಲ್ಲಿ ಬೆಂಕಿಯಂಥ ಭಾಷಣ ಮಾಡಿದವರು ಬಹಳ ಮಂದಿ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರುವುದೆಂದಾಯಿತು. ವಿಜಯೋತ್ಸವಕ್ಕೆ ಚಪ್ಪರ ಹಾಕಿದ್ದರು. ಅದರ ಹಿಂದಿನ ರಾತ್ರಿ ಆ ಚಪ್ಪರ ಕಾಯುತ್ತಿದ್ದವರು ಪಿಂಜಾರ ರಂಜಾನ್ ಸಾಬ್. ಯಾರೋ ಆಸಿಡ್ ಬಲ್ಬ್ ಎಸೆದರು. ಅವರು ಉಳಿಯಲಿಲ್ಲ. ಭಾಷಣ ಮಾಡಿದವರೆಲ್ಲ ಮರುದಿನ ಅದೇ ಊರಿನಲ್ಲಿ ಬೆಳಗಿನ ಕಾಫಿ ಕುಡಿದರು. ಹಾಡುಗಾರರೂ ಆಗಿದ್ದ ರಂಜಾನ್ ಸಾಬರು ಯಾರಿಗೂ ಸೆಡ್ಡು ಹೊಡೆದವರಲ್ಲ, ಬಿದಿರು ಬೊಂಬು ಕಾಯುತ್ತಿದ್ದವರು.

ಎಪ್ಪತ್ತೆರಡು ವರ್ಷ ಕಳೆದು, 2026ರ ಜನವರಿ 1ರಂದು ಅದೇ ಬಳ್ಳಾರಿಯಲ್ಲಿ ಚಪ್ಪರದ ಬದಲು ಬ್ಯಾನರು. ಶಾಸಕ ನಾರಾ ಭರತ್ ರೆಡ್ಡಿಯವರ ಬೆಂಬಲಿಗರಿಗೂ ಜನಾರ್ದನ ರೆಡ್ಡಿಯವರ ಬೆಂಬಲಿಗರಿಗೂ ಬ್ಯಾನರ್ ಕಟ್ಟುವ ವಿಚಾರಕ್ಕೆ ಶುರುವಾದ ಜಗಳ ಕಲ್ಲು ತೂರಾಟಕ್ಕೆ, ಗುಂಡಿಗೆ ಹೋಯಿತು. ಸತ್ತದ್ದು ಕಾಂಗ್ರೆಸ್ಸಿನ ಒಬ್ಬ ಕಾರ್ಯಕರ್ತ. ಬ್ಯಾನರು ಯಾತಕ್ಕೆ ಗೊತ್ತೇ? ವಾಲ್ಮೀಕಿ ಪ್ರತಿಮೆಯ ಅನಾವರಣಕ್ಕೆ. ವಾಲಿಯ ಬಾಗಿಲಲ್ಲಿ ಸುಗ್ರೀವ ಅಬ್ಬರಿಸಿದ್ದನ್ನು ನಮಗೆ ಹೇಳಿದ ಕವಿಯ ಹೆಸರಲ್ಲಿ.

ಅಮೆರಿಕದ ಸುದ್ದಿ ಓದುವಾಗಲೂ ನನ್ನ ಕಣ್ಣು ಹುಡುಕುವುದು ಈ ಬೊಂಬು ಕಾಯುವವರನ್ನೇ. 2024ರ ಜುಲೈ 13ರಂದು ಪೆನ್ಸಿಲ್ವೇನಿಯದ ಬಟ್ಲರಿನಲ್ಲಿ ಟ್ರಂಪ್ ಕಿವಿಗೆ ಗುಂಡು ಸವರಿತು. ರಕ್ತ ಸುರಿಯುವ ಮುಖ, ಮೇಲೆತ್ತಿದ ಮುಷ್ಟಿ, ಹೋರಾಡಿ ಎಂಬ ಕೂಗು. ಜಗತ್ತೆಲ್ಲ ಆ ಫೋಟೊ ನೋಡಿತು. ಅದೇ ಸಭೆಯಲ್ಲಿ ಹೆಂಡತಿ ಮಕ್ಕಳೊಡನೆ ಭಾಷಣ ಕೇಳಲು ಬಂದಿದ್ದ ಅಗ್ನಿಶಾಮಕ ದಳದವನೊಬ್ಬ ಸತ್ತ. ಮರುವರ್ಷ ಜೂನ್ 14ರಂದು ಮಿನ್ನೆಸೋಟದಲ್ಲಿ ಡೆಮಾಕ್ರಾಟ್ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಅವರನ್ನೂ ಅವರ ಗಂಡನನ್ನೂ ಮನೆಯಲ್ಲೇ ಕೊಂದರು. ಸೆಪ್ಟೆಂಬರ್ 10ರಂದು ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳೊಡನೆ ವಾದ ಮಾಡುತ್ತಿದ್ದ ಬಲಪಂಥೀಯ ನಾಯಕ ಚಾರ್ಲಿ ಕರ್ಕ್ ಗುಂಡಿಗೆ ಬಲಿಯಾದರು. ಒಂದೊಂದು ಸಾವಿನ ಬಳಿಕವೂ ಎರಡೂ ಪಕ್ಷದವರು ಎದುರಿನವರ ಹಳೆಯ ಭಾಷಣಗಳನ್ನು ಅಗೆದು ತೆಗೆದು, ನೋಡಿ ಸೆಡ್ಡು ಹೊಡೆದವರು ಇವರು ಎಂದರು. ತಮ್ಮ ಭಾಷಣ ತೆಗೆದು ನೋಡಿದವರು ಕಡಿಮೆ.

ಅವರಿಗೂ ಇದು ಹೊಸತಲ್ಲ. 1856ರ ಮೇ 22ರಂದು ಸೆನೆಟ್ ಸಭಾಂಗಣದಲ್ಲೇ, ಗುಲಾಮಗಿರಿಯ ವಿರುದ್ಧ ಕಟುವಾಗಿ ಮಾತಾಡಿದ್ದ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬೆತ್ತದಿಂದ ಪ್ರಜ್ಞೆ ತಪ್ಪುವ ತನಕ ಹೊಡೆದ. ಸಮ್ನರ್ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು. ದ್ವಂದ್ವಕ್ಕೆ ಕರೆಯುವುದು ಸರೀಕರನ್ನು ಮಾತ್ರ, ಈತ ನನ್ನ ಸರೀಕನಲ್ಲ ಎಂಬುದು ಬ್ರೂಕ್ಸನ ಲೆಕ್ಕ. ಜೋಡಿ ಕಟ್ಟದ ಹೊಡೆತ. ಅವನ ಕಡೆಯವರು ಮೆಚ್ಚಿ ಹೊಸ ಬೆತ್ತಗಳನ್ನು ಕಳಿಸಿಕೊಟ್ಟರು. ಐದು ವರ್ಷಕ್ಕೆ ಅಂತರ್ಯುದ್ಧ ಶುರುವಾಯಿತು. ನನಗೆ ಬೆತ್ತಕ್ಕಿಂತ ಬೆತ್ತ ಕಳಿಸಿದವರ ಮೇಲೆ ಹೆಚ್ಚು ಸಿಟ್ಟು. ಇಂದಿನ ಲೆಕ್ಕದಲ್ಲಿ ಅವರು ಲೈಕ್ ಒತ್ತಿದವರು, ರೀಲ್ಸ್ ಮಾಡಿ ಹಿಂದೆ ಕೆಜಿಎಫ್ ಸಂಗೀತ ಹಾಕಿದವರು.

ನಮ್ಮ ಕಡೆಯ ವರದಿಗಾರರಲ್ಲಿ, ಬೆಂಗಳೂರಿನ ಡೆಸ್ಕಿನಲ್ಲಿ ಕೂತು ತಲೆಬರಹ ಕೊಡುವ ಗೆಳೆಯರಲ್ಲಿ ನನ್ನದೊಂದು ವಿನಂತಿ ಇದೆ. ಸೆಡ್ಡು ಎಂಬುದನ್ನು ತಾನೇ ಕಣಕ್ಕಿಳಿದವನಿಗೆ ಮಾತ್ರ ಬರೆಯಿರಿ. ಹೆಣ್ಣುಮಕ್ಕಳು ಕ್ಯಾನ್ಸರಿಗೆ ಸೆಡ್ಡು ಹೊಡೆದರೆ ಅಡ್ಡಿಯಿಲ್ಲ, ಅವರು ತಮ್ಮ ಮೈಯನ್ನೇ ಒಡ್ಡಿದ್ದಾರೆ. ಎ.ಸಿ. ಕಾರಿನಿಂದ ಇಳಿದು, ವೇದಿಕೆಯ ಮೇಲೆ ನಿಂತು, ಊರ ಹುಡುಗರನ್ನು ಕಲ್ಲಿನ ಮುಂದೆ ನಿಲ್ಲಿಸಿ ಹೋಗುವವರಿಗೆ ‘ಹೇಳಿಕೆ ನೀಡಿದರು’ ಎಂದಷ್ಟೇ ಹಾಕಿ. ನಾಲ್ಕಾರು ಅಕ್ಷರ ಹೆಚ್ಚಾಗುತ್ತದೆ, ಎರಡು ಕಾಲಂ ಕೊಟ್ಟರೆ ಹಿಡಿಯುತ್ತದೆ.